ರೂಬೆನ್ ಹಾಡಿದ ಟೇಪು

ಜೂನ್ ತಿಂಗಳ ಶನಿವಾರ ಮಧ್ಯಾಹ್ನ ನೆಲಮಾಳಿಗೆಯ ಮೋರಿ ಗುಳುಗುಳು ಎಂದಾಗ ಬರ್ನಿ ಜಿಲೋಂಕಾ ಅಡುಗೆಮನೆಯಲ್ಲಿ ಸಾಸೇಜು ಹುರಿಯುತ್ತಿದ್ದ. ಡೆಟ್ರಾಯಿಟ್ ಪಕ್ಕದ ಹ್ಯಾಮ್‌ಟ್ರಾಮಿಕ್‌ನಲ್ಲಿ ಹುಟ್ಟಿ ಬೆಳೆದವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಬೀದಿಯ ಒಳಚರಂಡಿ ತುಂಬಿತು, ಇನ್ನು ನೀರು ಹೊರಗೆ ಹೋಗುವುದಿಲ್ಲ, ಒಳಗೆ ಬರುತ್ತದೆ. ಒಲೆ ಆರಿಸುವುದನ್ನೂ ಮರೆತು ಎಪ್ಪತ್ತೆರಡರ ಆ ಮನುಷ್ಯ ಮೆಟ್ಟಿಲಿಳಿದು ಓಡಿದ.

"ಲೊರೇನ್! ಟೇಪು! ಟೇಪು ನೆನೀತಿದೆ!"

"ಮೊದ್ಲು ಮೊಣಕಾಲು ನೋಡ್ಕೋ, ಜಾರಿ ಬಿದ್ರೆ ನಿನ್ನ ಎತ್ತೋರು ಯಾರು?" ಎಂದು ಹೆಂಡತಿ ಬೈಯುತ್ತಲೇ ಹಿಂದೆ ಬಂದಳು.

ಇಬ್ಬರೂ ಕೆಸರು ನೀರಿನಲ್ಲಿ ನಿಂತು ಪೆಟ್ಟಿಗೆಗಳನ್ನು ಮೇಲೆ ಸಾಗಿಸಿದರು. ಬರ್ನಿ ಐವತ್ತು ವರ್ಷದಲ್ಲಿ ಗಿಟಾರು ನುಡಿಸಿ ಧ್ವನಿಮುದ್ರಿಸಿದ್ದೆಲ್ಲ ಆ ಪೆಟ್ಟಿಗೆಗಳಲ್ಲಿತ್ತು. ಅವನ ಹಾಡಿನ ತಟ್ಟೆಗಳನ್ನು ಹೊರತಂದ ಕಂಪನಿಗಳು ಒಂದೊಂದಾಗಿ ಮುಚ್ಚಿಹೋಗಿದ್ದವು. ಪ್ರತಿ ಸಲವೂ ಯಾರೋ ಒಬ್ಬರು ಫೋನು ಮಾಡಿ, ನಿನ್ನ ಮೂಲ ಟೇಪು ಬೇಕಾದರೆ ಬಂದು ಒಯ್ಯಿ, ಇಲ್ಲದಿದ್ದರೆ ಕಸಕ್ಕೆ ಹಾಕುತ್ತೇವೆ ಎನ್ನುತ್ತಿದ್ದರು. ಹಾಗೆ ಬಂದು ಸೇರಿದ್ದವು. ಮೊದಲನೆಯದು ಬೇಕರಿಯ ಹಿಂದಿನ ಶೆಡ್ಡಿನಲ್ಲಿ ಮಾಡಿದ್ದು. ಆಗ ಬರ್ನಿ ಹಗಲು ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿದ್ದ. ಮೂರನೆಯದು ಟೊಲೀಡೊದಿಂದ ಮಿಲ್ವಾಕಿಯವರೆಗೆ ರೇಡಿಯೋದಲ್ಲಿ ಮೊಳಗಿತು, ಆ ಒಂದು ಬೇಸಿಗೆ ಮಾತ್ರ ಅವನನ್ನು ಜನ ಬೀದಿಯಲ್ಲಿ ಗುರುತು ಹಿಡಿದರು. ಆರು, ಏಳನೆಯವು ಬರುವ ಹೊತ್ತಿಗೆ ಅವನು ಶಾಲೆಯ ಬಸ್ಸು ಓಡಿಸುತ್ತಿದ್ದ. ಕೊನೆಯದು ಮುಗಿದು ಹತ್ತು ವರ್ಷವಾಗಿತ್ತು.

ಎಲ್ಲವೂ ನೆನೆಯದೆ ಮೇಲೆ ಬಂದವು, ಐದನೆಯದೊಂದನ್ನು ಬಿಟ್ಟು. ಅದನ್ನು ಕಣ್ಣಿಗೆ ಬೀಳಬಾರದೆಂದೇ ಅವನು ಕೆಳಗಿನ ಹಲಗೆಯ ಮೂಲೆಗೆ ತಳ್ಳಿದ್ದ. ಪೆಟ್ಟಿಗೆ ಎತ್ತಿದರೆ ರಟ್ಟು ಕೈಯಲ್ಲೇ ಕಳಚಿಬಂತು, ಒಳಗಿನಿಂದ ಕಂದು ನೀರು ಸುರಿಯಿತು.

ಆ ಐದನೆಯದು ತಟ್ಟೆಯಾಗಿ ಹೊರಬಂದೇ ಇರಲಿಲ್ಲ. ಅದರಲ್ಲಿ ಹಾಡಿದವನು ರೂಬೆನ್ ಸಾಲ್ಸೀಡೊ. ಮೊದಲ ನಾಲ್ಕರಲ್ಲೂ ಅವನದೇ ದನಿ. ಐದನೆಯದು ಮುಗಿದ ದಿನ ಸ್ಟುಡಿಯೋದಲ್ಲಿ ಎಲ್ಲರೂ ಕೂತು ಕೇಳಿದ ಮೇಲೆ ಅವನು ಎದ್ದು ನಿಂತು, "ನಿನ್ನ ಗಿಟಾರು ನನಗೆ ಉಸಿರಾಡೋಕೇ ಬಿಡಲ್ಲ ಬರ್ನಿ," ಎಂದಿದ್ದ.

"ಕೇಳಿಸ್ಬೇಕಂದ್ರೆ ಗಂಟಲು ಬಿಟ್ಟು ಹಾಡು," ಎಂದಿದ್ದ ಬರ್ನಿ.

ರೂಬೆನ್ ಕೋಟು ತೆಗೆದುಕೊಂಡು ಹೊರಟವನು ಮತ್ತೆ ಬರಲಿಲ್ಲ. ಅದರ ಬೆನ್ನಿಗೇ ಕಂಪನಿ ಮುಚ್ಚಿತು. ಕೆಲವು ವರ್ಷಗಳಲ್ಲಿ ರೂಬೆನ್ ಲಿವರ್ ಕೆಟ್ಟು ತೀರಿಕೊಂಡ. ಬರ್ನಿ ಆಗ ಯಾವುದೋ ಊರಿನಲ್ಲಿ ನುಡಿಸುತ್ತಿದ್ದ, ಮಣ್ಣಿಗೂ ಬರಲಾಗಲಿಲ್ಲ. ಆಮೇಲೆ ಯಾರೇ ಕೇಳಲಿ, ಗಿಟಾರು ಸರಿಯಾಗಿಯೇ ಇತ್ತು ಎಂದು ವಾದಿಸಿಕೊಂಡೇ ಬಂದ. ಆದರೆ ಆ ಟೇಪನ್ನು ಮಾತ್ರ ಒಮ್ಮೆಯೂ ಹಾಕಿ ಕೇಳಲಿಲ್ಲ.

ಸಂಜೆ ಡ್ರಮ್ಮು ಬಾರಿಸುವ ಓಟಿಸ್ ಫಾಲ್ಕ್ ಬಂದ. ಬರ್ನಿಯ ಎಲ್ಲ ತಟ್ಟೆಗಳಲ್ಲೂ ಇದ್ದವನು ಅವನೊಬ್ಬನೇ. ಊಟದ ಮೇಜಿನ ಮೇಲೆ ನೀರು ಸೋರುತ್ತಿದ್ದ ಸುರುಳಿ ನೋಡಿ ಟೋಪಿ ತೆಗೆದ.

"ಬಿಸಾಕೋಣ ಬಿಡು," ಎಂದ ಬರ್ನಿ. "ಹೋಗಿದ್ದು ಹೋಯ್ತು."

"ಏನಂದೆ? ಅದ್ರಲ್ಲಿ ರೂಬೆನ್ ಇದಾನೆ ಕಣೋ. ಬಿಸಾಕೋದಾದ್ರೆ ನಿನ್ನ ಬಿಸಾಕ್ತೀನಿ."

ಓಟಿಸ್ ಅಲ್ಲಿ ಇಲ್ಲಿ ವಿಚಾರಿಸಿ, ನದಿಯಾಚೆ, ದೇಶದ ಗಡಿ ದಾಟಿದರೆ ಸಿಗುವ ವಿಂಡ್ಸರ್‌ನಲ್ಲಿ ಹಳೆಯ ಟೇಪು ಬದುಕಿಸುವ ಇಂಗ್ರಿಡ್ ಥೀಸನ್ ಎಂಬಾಕೆಯನ್ನು ಪತ್ತೆಹಚ್ಚಿದ. ಆಕೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ದಯವಿಟ್ಟು ಒಣಗಿಸಬೇಡಿ. ಶುದ್ಧ ತಣ್ಣೀರಲ್ಲಿ ಮುಳುಗಿಸಿ ತನ್ನಿ."

ಹಾಗಾಗಿ ಮರುದಿನ ಬೆಳಿಗ್ಗೆ ಇಬ್ಬರು ಮುದುಕರು ಮೀನು ಹಿಡಿಯಲು ಹೋಗುವಾಗ ಒಯ್ಯುವ ಐಸ್ ಪೆಟ್ಟಿಗೆಯಲ್ಲಿ ಟೇಪು ಇಟ್ಟುಕೊಂಡು ಸೇತುವೆ ದಾಟಿದರು. ಗಡಿಯ ಅಧಿಕಾರಿ ಕಿಟಕಿಯಿಂದ ಬಗ್ಗಿ ನೋಡಿದ.

"ಪೆಟ್ಟಿಗೇಲಿ ಏನು? ಮೀನಾ?"

"ಹಾಡು," ಎಂದ ಬರ್ನಿ.

"ಏನು?"

"ಸಾರ್, ನಮ್ಮ ಗೆಳೆಯ ಸಾರ್," ಎಂದು ಓಟಿಸ್ ಬಾಯಿ ಹಾಕಿದ. "ಸತ್ತೋಗಿದಾನೆ."

ಅಧಿಕಾರಿ ಕಾರು ಪಕ್ಕಕ್ಕೆ ಹಾಕಿಸಿದ. ಮುಚ್ಚಳ ತೆಗೆಸಿ, ಕೈಗವಸು ಹಾಕಿಕೊಂಡು, ಸುರುಳಿಯನ್ನು ನೀರಿನಿಂದ ಎತ್ತಹೋದಾಗ ಬರ್ನಿ ಚೀರಿಬಿಟ್ಟ. "ಬೇಡ! ಗಾಳಿ ತಾಗಿದ್ರೆ ಹಾಳಾಗುತ್ತೆ!" ಅಧಿಕಾರಿ ಅವನ ಮುಖ ನೋಡಿದ, ಟೇಪು ನೋಡಿದ, ಮುಚ್ಚಳ ಹಾಕಿದ. ಹೊರಟ ಮೇಲೆ ಬರ್ನಿ ಓಟಿಸ್‌ಗೆ ಬಾಯಿಗೆ ಬಂದದ್ದೆಲ್ಲ ಬೈದ.

ಇಂಗ್ರಿಡ್ ಟೇಪು ತೊಳೆದು, ನಿಧಾನವಾಗಿ ಆರಿಸಿ, ಆಮೇಲೆ ಹಣ್ಣು ಒಣಗಿಸುವಂಥ ಸಣ್ಣ ಕಾವಿನ ಗೂಡಿನಲ್ಲಿ ಇಡುವುದಾಗಿ ಹೇಳಿದಳು. "ಇದರ ಮೇಲಿನ ಲೇಪ ಅಂಟಂಟಾಗಿದೆ. ಕಾವು ಕೊಟ್ಟರೆ ಸ್ವಲ್ಪ ದಿನ ಗಟ್ಟಿ ನಿಲ್ಲುತ್ತೆ. ಆಗ ಒಂದು ಸಲ ಓಡಬಹುದು. ಎರಡನೇ ಸಲದ ಮಾತು ನಾನು ಕೊಡಲ್ಲ."

ಬರ್ನಿಗೆ ಆಮೇಲಿನ ವಾರಗಳು ಹೇಗೆ ಕಳೆದವೋ ತಿಳಿಯಲಿಲ್ಲ. ಫೋನು ಬಡಿದರೆ ಲೊರೇನ್‌ಳನ್ನೇ ಎತ್ತಲು ಹೇಳುತ್ತಿದ್ದ. ಟೇಪು ಓಡದಿದ್ದರೆ ಎಂಬ ಭಯ ಒಂದು, ಓಡಿದರೆ ಎಂಬ ಭಯ ಇನ್ನೊಂದು.

"ರೂಬೆನ್ ಹೇಳಿದ್ದೇ ಸರಿಯಾಗಿದ್ರೆ?" ಎಂದು ಒಂದು ಬೆಳಿಗ್ಗೆ ತಿಂಡಿಯ ಮುಂದೆ ಕೂತು ಕೇಳಿದ.

"ಸರಿಯಾಗಿದ್ರೆ ಸರಿ," ಎಂದಳು ಲೊರೇನ್. "ನಲವತ್ತು ವರ್ಷದಿಂದ ಮೂಲೇಲಿ ಬಚ್ಚಿಟ್ಟಿದ್ದೀಯಲ್ಲ, ನಿನಗೆ ಮೊದಲೇ ಗೊತ್ತಿರ್ಲಿಲ್ವಾ? ತಿನ್ನು, ಆರ್ತಿದೆ."

ಕೊನೆಗೆ ಕರೆ ಬಂತು. ಇಂಗ್ರಿಡ್‌ಳ ಕೋಣೆಯಲ್ಲಿ ಬರ್ನಿ, ಓಟಿಸ್ ಕುರ್ಚಿಯ ತುದಿಯಲ್ಲಿ ಕೂತರು. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ ಎಂದು ಆಕೆ ಎಚ್ಚರಿಸಿ ಯಂತ್ರದ ಗುಂಡಿ ಒತ್ತಿದಳು.

ಗಿಟಾರು ಬಂತು. ಜೋರಾಗಿ, ಮುಂದಕ್ಕೆ, ಕೋಣೆಯ ತುಂಬ. ಚೆನ್ನಾಗಿಯೂ ಇತ್ತು, ಅದೇ ಅವನಿಗೆ ಸಂಕಟವಾದದ್ದು. ಅದರ ಹಿಂದೆಲ್ಲೋ, ಗೋಡೆಯಾಚೆ ನಿಂತು ಕೂಗುವವನ ಹಾಗೆ ರೂಬೆನ್ ಹಾಡುತ್ತಿದ್ದ. ಒಂದು ಸಾಲೂ ಬಿಡಿಯಾಗಿ ಕೇಳಿಸುತ್ತಿರಲಿಲ್ಲ. ಅವನು ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಗಿಟಾರು ನುಗ್ಗುತ್ತಿತ್ತು. ಓಟಿಸ್ ನೆಲ ನೋಡುತ್ತಿದ್ದ. ಬರ್ನಿಗೆ ಎದ್ದು ಹೋಗಬೇಕೆನಿಸಿತು, ಆದರೆ ಬಾಗಿಲು ತೆರೆದರೆ ಏನಾದರೂ ಆದೀತೆಂದು ಅಲ್ಲಾಡದೆ ಕೂತ. ಕೊನೆಯ ಹಾಡಿನಲ್ಲಿ ಟೇಪು ಕಿರ್ರೆಂದು ಕಿರುಚತೊಡಗಿತು. ಇಂಗ್ರಿಡ್‌ಳ ಕೈ ಗುಂಡಿಯ ಮೇಲೆ ಹೋಯಿತು. ರೂಬೆನ್‌ನ ದನಿ ಒಂದು ಪದದ ನಡುವೆ ತುಂಡಾಗಿ ಸುರುಳಿ ನಿಂತಿತು.

ಇಂಗ್ರಿಡ್ ಸುರುಳಿಯನ್ನು ಯಂತ್ರದಿಂದ ಬಿಡಿಸಿದಳು.

"ಅವನು ಹೇಳಿದ್ದು ಸರಿ," ಎಂದ ಬರ್ನಿ.

"ಹೂಂ," ಎಂದ ಓಟಿಸ್. "ಸರಿ."

"ಆಗ ನೀನ್ಯಾಕೆ ಹೇಳ್ಲಿಲ್ಲ?"

"ನೀನು ಯಾರ ಮಾತು ಕೇಳ್ತಿದ್ದೆ ಮಾರಾಯ?"

ಇಂಗ್ರಿಡ್ ಅವರತ್ತ ತಿರುಗಿದಳು. "ಓಡುತ್ತಿದ್ದಾಗಲೇ ನಾನು ಎಲ್ಲರದನ್ನೂ ಬೇರೆಬೇರೆಯಾಗಿ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೀನಿ. ಟೇಪಿನಲ್ಲಿ ಒಬ್ಬೊಬ್ಬರ ಸದ್ದಿಗೂ ಒಂದೊಂದು ಪಟ್ಟಿ ಇರುತ್ತಲ್ಲ. ಯಾರದನ್ನು ಬೇಕಾದರೂ ತಗ್ಗಿಸಬಹುದು."

ಬರ್ನಿ ಇದನ್ನು ಅರಿಯದವನಲ್ಲ, ಗಾಬರಿಯಲ್ಲಿ ಹೊಳೆದಿರಲಿಲ್ಲ. "ನನ್ನದು ತಗ್ಗಿಸಿ," ಎಂದ.

"ಎಷ್ಟು?"

"ಅವನು ಕೇಳಿಸೋವಷ್ಟು."

ಆಕೆ ಗಿಟಾರನ್ನು ತಗ್ಗಿಸುತ್ತ ಹೋದಳು. ರೂಬೆನ್ ಗೋಡೆಯಾಚೆಯಿಂದ ಕೋಣೆಯೊಳಕ್ಕೆ ಬಂದ. ಮೂವತ್ತೊಂದರ ಹರೆಯದ ದನಿ, ಸ್ವಲ್ಪ ಒರಟು, ಸಾಲಿನ ಕೊನೆಯಲ್ಲಿ ನಗುವಿನಂತೆ ಮುರಿಯುವ ಅದೇ ಅಭ್ಯಾಸ. ಓಟಿಸ್‌ನ ತುಟಿ ಅದರ ಜೊತೆ ಅಲ್ಲಾಡುತ್ತಿತ್ತು. ನಾಲ್ಕನೆಯ ಹಾಡಿನ ಮೊದಲು, ಅಷ್ಟು ಹೊತ್ತು ಗಿಟಾರಿನ ಸದ್ದಿನಲ್ಲಿ ಮುಚ್ಚಿಹೋಗಿದ್ದ ಮಾತೊಂದು ಕೇಳಿಸಿತು. ರೂಬೆನ್ ಸ್ಟುಡಿಯೋದವರಿಗೆ ಹೇಳುತ್ತಿದ್ದ: "ಈ ಹಾಡಿನ ನಡು ಬರ್ನಿಗೆ ಬಿಡಿ. ನಾನು ಸುಮ್ನಿರ್ತೀನಿ. ಇಲ್ಲಿ ಅವನು ನುಡಿಸೋದು ಕೇಳಿದ್ರೆ ನನಗೆ ಹಾಡೋದೇ ಮರೆತುಹೋಗುತ್ತೆ."

ಬರ್ನಿ ಕುಡಿಯಲು ನೀರು ಕೇಳಿದ. ಕುಡಿಯದೆ ಲೋಟ ಕೆಳಗಿಟ್ಟ. "ಆ ಹಾಡಿನ ನಡು ಒಂದು ಕಡೆ ನನ್ನ ಗಿಟಾರು ಎತ್ತಿ," ಎಂದ. "ಬೇರೆ ಎಲ್ಲೂ ಬೇಡ."

ಮುಂದಿನ ವಸಂತದಲ್ಲಿ ಶಿಕಾಗೋದ ಸಣ್ಣ ಕಂಪನಿಯೊಂದು ಅದನ್ನು ತಟ್ಟೆಯಾಗಿ ತಂದಿತು. ತುಂಡಾದ ಕೊನೆಯ ಹಾಡನ್ನು ಬೇರೊಬ್ಬನಿಂದ ಹಾಡಿಸಿ ಸರಿಮಾಡೋಣ ಎಂದರು. ಬರ್ನಿ ಒಪ್ಪಲಿಲ್ಲ, ತಟ್ಟೆಯಲ್ಲೂ ಅದು ಅರ್ಧಕ್ಕೇ ನಿಂತಿದೆ. ತಟ್ಟೆ ಹೇಳಿಕೊಳ್ಳುವಷ್ಟೇನೂ ಮಾರಾಟವಾಗಲಿಲ್ಲ.

ಮೊದಲ ಪ್ರತಿಯನ್ನು ಅವನೇ ರೂಬೆನ್‌ನ ತಂಗಿ ಅಂಪಾರೊಗೆ ಕೊಡಲು ಹೋದ. ಡೆಟ್ರಾಯಿಟ್‌ನ ನೈರುತ್ಯ ಭಾಗದಲ್ಲಿ ಅವಳ ಮನೆ. ಮಣ್ಣಿಗೆ ಬಾರದವನನ್ನು ಅವಳು ಅಂದಿನಿಂದ ಮಾತಾಡಿಸಿರಲಿಲ್ಲ. ಓಟಿಸ್ ಕಾರಿನಲ್ಲೇ ಕೂತ. ಬಾಗಿಲ ಗಂಟೆ ಒತ್ತಲು ಬರ್ನಿ ಎರಡು ಸಲ ಕೈ ಎತ್ತಿ ಇಳಿಸಿದ್ದನ್ನು ಅವನು ನೋಡಿದ. ಅಂಪಾರೊ ಬಂದಳು, ತಟ್ಟೆ ತಿರುಗಿಸಿ ನೋಡಿದಳು. ಏನೋ ಅಂದಳು. ಬರ್ನಿ ತಲೆಯಾಡಿಸಿ ಮೆಟ್ಟಿಲಿಳಿದು ಬಂದ.

"ಏನಂದ್ಲು?"

"ನೀನು ಹೋಗು ಅಂದ್ಲು. ಎದುರಿಗಿದ್ರೆ ನಿನ್ನ ಮುಖ ನೋಡ್ತಾ ಕೂರ್ತೀನಿ, ಅವನ ದನಿ ಕಿವಿಗೆ ಬೀಳಲ್ಲ, ಕೇಳಿ ಆದ್ಮೇಲೆ ನಾನೇ ಫೋನ್ ಮಾಡ್ತೀನಿ ಅಂದ್ಲು."

"ಬಾಗಿಲು ಬಡಿದ್ಲಾ?"

"ಇಲ್ಲ. ಮೆಲ್ಲಗೆ ಹಾಕಿದ್ಲು."

"ಹಾಗಾದ್ರೆ ಪರವಾಗಿಲ್ಲ," ಎಂದು ಓಟಿಸ್ ಕಾರು ತಿರುಗಿಸಿದ. ಬರ್ನಿ ಫೋನು ಜೇಬಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.