ಮದಗದ ಕೂದಲೆಲೆ

ಮೊನ್ನೆ ಮೂಡಬಿದಿರೆಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಗೆ ಹೋಗಿದ್ದೆ. ಗಾಜಿನ ತೊಟ್ಟಿಯ ಗಿಡವೊಂದರ ಚಿಗುರನ್ನು ಬೆರಳಲ್ಲಿ ಉಜ್ಜಿದೆ. ಕರ್ಪೂರಕ್ಕೂ ಲಿಂಬೆಗೂ ನಡುವಿನ ಆ ವಾಸನೆ ಮೂಗಿಗೇರಿದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದೆ. ವಾಮದಪದವಿನ ನಮ್ಮ ಮನೆಯ ಹಿಂದಿನ ಮದಗದ ಗಿಡ! ನಿಮ್ಮೂರಿನ ಕೆರೆಯಲ್ಲೂ ಇದ್ದಿರಬಹುದು, ಈಗ ಇರಲಾರದು.

ಒಂದೇ ಗಿಡಕ್ಕೆ ಎರಡು ಬಗೆಯ ಎಲೆ. ನೀರೊಳಗೆ ಬೆಳೆದದ್ದು ಕೂದಲಿನಂತೆ ಎಳೆ ಎಳೆ. ಬೇಸಗೆಯಲ್ಲಿ ನೀರು ಇಳಿದು ತಲೆ ಹೊರಬಂದರೆ, ಗಾಳಿಯಲ್ಲಿ ಚಿಗುರುವುದು ಅಂಚಿಗೆ ಸಣ್ಣ ಹಲ್ಲುಗಳುಳ್ಳ ಇಡೀ ಎಲೆ. ಮಳೆಗಾಲಕ್ಕೆ ಮೊದಲು ಸೌದೆ ಕೊಟ್ಟಿಗೆಗೆ ಹೊದಿಸಲು ತೆಂಗಿನ ಮಡಲುಗಳನ್ನು ಮದಗದಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಎಳೆದು ತಂದು ಹೆಣೆಯುತ್ತಿದ್ದೆವು. ಇಳಿಯುವಾಗ ಆಳ ತಿಳಿಯಲು ದೊಡ್ಡಮ್ಮನ ಪಾಠ ಒಂದೇ: "ಇಡೀ ಎಲೆ ಇದ್ದಲ್ಲಿ ಕಾಲಿಡಿ, ಕೂದಲೆಲೆ ಕಂಡ್ರೆ ಹಿಂದೆ ಬನ್ನಿ."

ನಾನು ಚಿಕ್ಕವಳಿದ್ದಾಗ ಒಂದು ಬೇಸಗೆಯ ಸಂಜೆ ಗುಡುಗುಮಳೆ ಸುರಿದು ತೋಡಿನ ನೀರೆಲ್ಲ ಮದಗಕ್ಕೆ ನುಗ್ಗಿತು. ನೀರು ತಿಳಿಯಾದ ಮೇಲೆ ದೊಡ್ಡಮ್ಮನ ಮಗಳು ದೇವಕಿ ಅಕ್ಕ ಮಡಲು ತರಲು ಹೊರಟಳು. ಅವಳ ಹಿಂದೆ ನಾನು. ತಳದಲ್ಲಿ ಇಡೀ ಎಲೆಗಳೇ ಹೊಳೆಯುತ್ತಿದ್ದವು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಎಲೆ ನೀರೊಳಗೆ ಉಂಟಲ್ಲ ಅಕ್ಕ?"

"ಕೂದಲೆಲೆ ಒಂದಾದ್ರೂ ಉಂಟಾ? ಪುಕ್ಕಲಿ!" ಎಂದು ನಕ್ಕು ಕಾಲಿಟ್ಟಳು. ನಗು ಮುಗಿಯುವ ಮೊದಲೇ ಅವಳ ತಲೆ ಕಾಣಲಿಲ್ಲ. ಅವಳಿಗೆ ಈಜು ಬಾರದು. ಕಿರುಚುತ್ತಾ ದಡದಲ್ಲಿದ್ದ ಮಡಲೊಂದನ್ನು ನೂಕಿದೆ. ಅವಳ ಕೈಗೆ ಸಿಕ್ಕ ಗರಿ ಪರ್ರನೆ ಹರಿಯಿತು, ಇನ್ನೊಂದೂ ಹರಿಯಿತು. ಮೂರನೆಯ ಸಲ ದಿಂಡೇ ಸಿಕ್ಕಿತು, ನಾನೇ ಜಾರತೊಡಗಿದೆ! ಅಷ್ಟರಲ್ಲಿ ದೊಡ್ಡಮ್ಮ ಓಡಿಬಂದು ನನ್ನ ಸೊಂಟ ಹಿಡಿದು ಇಬ್ಬರನ್ನೂ ದಡಕ್ಕೆ ಎಳೆದರು. ಅಕ್ಕ ನೀರು ಕಾರಿ ಕೆಮ್ಮಿದಳು. "ಸಾಯ್ತಿದ್ದಿ ಮಾರಾಯ್ತಿ, ಸತ್ತೇ ಹೋಗ್ತಿದ್ದಿ!" ಎಂದು ಅಕ್ಕನ ಬೆನ್ನಿಗೆ ಬಾರಿಸುತ್ತಾ ಅತ್ತರು.

ಕೆಲವು ದಿನ ಕಳೆದು ನೋಡಿದರೆ, ಅದೇ ಕಾಂಡಗಳಲ್ಲಿ ಕೆಳಗೆ ಇಡೀ ಎಲೆ, ತುದಿಯಲ್ಲಿ ಎಳೆಯ ಕೂದಲೆಲೆ! ಅಕ್ಕ ಸೊಂಟಕ್ಕೆ ಕೈಯಿಟ್ಟು ಗಿಡವನ್ನೇ ಗದರಿದಳು: "ಈಗ ಗೊತ್ತಾಯ್ತಾ ನಿಂಗೆ? ನಾನು ಮುಳುಗಿದ ಮೇಲೆ!" ಬಲಿತ ಎಲೆ ಆಕಾರ ಬದಲಿಸದು, ಹೊಸ ಚಿಗುರಷ್ಟೇ ಬದಲಾಗುತ್ತದೆ ಎಂದು ನಾನು ಓದಿದ್ದು ಕಾಲೇಜಿನಲ್ಲಿ.

ಈಗ ಮದಗ ಮುಚ್ಚಿ ಅಂಗಡಿಸಾಲು ಎದ್ದಿದೆ. ಮನೆಯೂ ಇಲ್ಲ, ದೊಡ್ಡಮ್ಮನೂ ಇಲ್ಲ. ಕಳೆದ ಮಳೆಗಾಲದಲ್ಲಿ ಬೆಳ್ತಂಗಡಿಯಲ್ಲಿ ದೇವಕಿ ಅಕ್ಕ ಹಾಸಿಗೆಯಲ್ಲೇ ತೀರಿಕೊಂಡಳು, ಮೊಮ್ಮಕ್ಕಳ ನಡುವೆ. ಆದರೂ ನಿದ್ದೆಯಲ್ಲಿ ಅವಳ ಕೈಯಲ್ಲಿ ಆ ಗರಿ ಹರಿಯುತ್ತಲೇ ಇರುತ್ತದೆ. ಆಗೆಲ್ಲ ಎದ್ದು ಕೂತು, ಅವಳು ದಡಕ್ಕೆ ಬಂದು ನೀರು ಕಾರಿ ಕೆಮ್ಮಿದ ಆ ಸದ್ದು ಕಿವಿಗೆ ಬರುವವರೆಗೆ ಕಾಯುತ್ತೇನೆ.