ತಲೆ ಮೇಲೆ ಹೊತ್ತ ಬಾಗಿಲು

ಗೆಳೆಯರೇ, ನಿನ್ನೆ ಕೆಟ್ಟ ಕನಸು ಬಿದ್ದಿತ್ತು. ಕಾರ್ಪೊರೇಷನ್ನಿನವರು ಹೊಸ ಮನೆ ಕೊಟ್ಟಿದ್ದಾರೆ, ಅದಕ್ಕೆ ಬಾಗಿಲೇ ಇಲ್ಲ. ಇವತ್ತು ಹೆಚ್ಚುಕಡಿಮೆ ಹಾಗೇ ಆಯಿತು.

ಚಾಮರಾಜಪೇಟೆಯ ನಮ್ಮ ಗುಡಿಸಲುಗಳಲ್ಲಿ, ಬಾಗಿಲ ಮೇಲೆ ಅವರು ಟಾರಿನಲ್ಲಿ ಬರೆದ ನಂಬರ್ ಇದ್ದವರಿಗೆ ಮಾತ್ರ ಹೊಸ ಮನೆ. ಗೌರಿ ಹಬ್ಬಕ್ಕೆಂದು ನನ್ನ ಹೆಂಡತಿ ಬಾಗಿಲಿಗೆ ನೀಲಿ ಬಣ್ಣ ಬಳಿದುಬಿಟ್ಟಿದ್ದಳು. ನಮ್ಮ ನಂಬರ್ ಹದಿನೇಳು ಮುಚ್ಚಿಹೋಗಿತ್ತು. ಭಯ ತಡೆಯಲಾಗದೆ ಬೆಳಿಗ್ಗೆ ಬಾಗಿಲನ್ನೇ ಕಳಚಿ, ತಲೆ ಮೇಲೆ ಹೊತ್ತು ವಾರ್ಡ್ ಆಫೀಸಿಗೆ ಹೋದೆ. ಗುಮಾಸ್ತರು ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದರು.

"ಹದ್ನೇಳೇ ಕಣ್ರೀ. ಆದ್ರೆ ಬಾಗ್ಲು ಇಲ್ಲಿದ್ರೆ ಮನೆ ಎಲ್ಲಿ? ತಗೊಂಡ್ಹೋಗಿ ಹಾಕಿ, ಇವತ್ತೇ ತನಿಖೆಗೆ ಬರ್ತಾರೆ."

ಓಡಿ ಬಂದೆ. ತನಿಖೆಯವರು ಆಗಲೇ ಬಂದು ಹೋಗಿದ್ದರು.

"ಬಾಗ್ಲಿಲ್ಲ, ಯಾರೂ ವಾಸ ಇಲ್ಲ ಅಂತ ಬರ್ಕೊಂಡ್ರು," ಅಂದಳು ಹೆಂಡತಿ.

"ನೀನು ಇದ್ಯಲ್ಲೇ!"

"ಇದ್ದೆ. ನಾನು ಕೊಟ್ಟ ಕಾಫಿ ಕುಡ್ಕೊಂಡೇ ಬರ್ದಿದ್ದು."

ಈಗ ಬಾಗಿಲು ಹಾಕಿಕೊಂಡು ಇಬ್ಬರೂ ಒಳಗೇ ಕೂತಿದ್ದೇವೆ, ಕಾಗದದ ಪ್ರಕಾರ ಇಲ್ಲ. ನಾಳೆ ಆಫೀಸಿನ ಕಡೆ ಹೋಗುವವರು, ಪಟ್ಟಿಯಲ್ಲಿ ಹದಿನೇಳರ ಮುಂದೆ 'ಖಾಲಿ' ಎಂದೇ ಇದೆಯಾ, ದಯವಿಟ್ಟು ನೋಡಿ ಹೇಳಿ.