ಗ್ರಾಫಿಕ್ಸ್ ಕಾರ್ಡಿಗೊಂದು ಸಂಬಂಧ

ಹೊನ್ನಾಳಿಯ ಮದುವೆಯೊಂದರ ವಿಡಿಯೊದಲ್ಲಿ ಹುಡುಗ ಇನ್ನೇನು ತಾಳಿ ಕಟ್ಟಬೇಕು, ಅಷ್ಟರಲ್ಲಿ ನನ್ನ ಕಂಪ್ಯೂಟರಿನ ಪರದೆ ತುಂಬ ಹಸಿರು ಗೆರೆಗಳೆದ್ದವು. ಆಮೇಲೆ ಎಲ್ಲ ಕಪ್ಪು. ಕೈಯಲ್ಲಿದ್ದ ಮೌಸನ್ನು ಮೇಜಿಗೆ ಕುಕ್ಕಿದೆ. ರಿಪೇರಿಯವರು ಬಂದು ಡಬ್ಬ ಬಿಚ್ಚಿ ನೋಡಿ, "ಗ್ರಾಫಿಕ್ಸ್ ಕಾರ್ಡ್ ಹೋಗೈತ್ರಿ ಮೇಡಂ. ಮೌಸೂ ಹೋಗೈತೆ. ಅದು ಹೆಂಗೆ ಹೋಯ್ತು?" ಎಂದು ಕೇಳಿದರು. ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ.

ಚನ್ನಗಿರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವುದು ನನ್ನ ಕೆಲಸ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಫೋಟೊಗ್ರಾಫರುಗಳು ಚಿತ್ರೀಕರಿಸಿದ್ದನ್ನೆಲ್ಲ ಹಾರ್ಡ್‌ಡಿಸ್ಕಿಗೆ ತುಂಬಿ ಬಸ್ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬರುತ್ತೇನೆ. ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ಉಳಿಸಿ, ಬಾಯಿ ತುಂಬ ಲಾಡು ತುರುಕಿಕೊಂಡ ಚಿಕ್ಕಪ್ಪಂದಿರನ್ನು ತೆಗೆದುಹಾಕಿ, ಹಾಡು ಸೇರಿಸಿ ಅದೇ ಬಸ್ಸಿಗೆ ಹತ್ತಿಸುತ್ತೇನೆ. ನಾಲ್ಕು ವರ್ಷದಲ್ಲಿ ಹೀಗೆ ಕಟ್ಟಿಕೊಂಡ ಕೋಣೆ ಅದು. ಆ ಮನೆಯಲ್ಲಿ ನನ್ನದು ಅಂತ ನಾನು ಜೋರಾಗಿ ಹೇಳಬಹುದಾದ ಜಾಗ ಅದೊಂದೇ.

ಹೊನ್ನಾಳಿಯ ವಿಡಿಯೊ ಮುಂದಿನ ಭಾನುವಾರ ಬೀಗರ ಔತಣದಲ್ಲಿ ದೊಡ್ಡ ಪರದೆಯ ಮೇಲೆ ಬರಬೇಕಿತ್ತು. ಆ ಫೋಟೊಗ್ರಾಫರ್ ತುಂಬ ಮರ್ಯಾದೆಯಿಂದಲೇ, "ಆಗಂಗಿಲ್ಲ ಅಂದ್ರೆ ಹೇಳಿಬಿಡ್ರಿ ಅಕ್ಕಾ, ದಾವಣಗೆರೆಗೆ ಕೊಡ್ತೀನಿ" ಅಂದ. ಒಮ್ಮೆ ದಾವಣಗೆರೆಗೆ ಹೋದ ಕೆಲಸ ವಾಪಸು ಬರುವುದಿಲ್ಲ. ಒಬ್ಬ ಹೋದರೆ ಉಳಿದಿಬ್ಬರೂ ಹೋಗುತ್ತಾರೆ. ನನಗೆ ನಿಜವಾಗಿಯೂ ಭಯವಾಯಿತು.

ಹೊಸ ಕಾರ್ಡು ನನ್ನ ಕೈಗೆ ಎಟುಕುವಂತಿರಲಿಲ್ಲ. ಹಳೇ ಸಾಮಾನು ಮಾರುವ ಆ್ಯಪ್ ತೆರೆದರೆ ಅರ್ಧ ಬೆಲೆಗೆ ಒಂದು ಕಾರ್ಡು, ಹೊಚ್ಚ ಹೊಸದರಂತೆ ಫಳಫಳ ಹೊಳೆಯುತ್ತಿತ್ತು. ಮಾರುವವನು ಪ್ರೊಫೈಲಿಗೆ ದೇವರ ಫೋಟೊ ಹಾಕಿದ್ದ. ಬಹಳ ಜನ ಕೇಳುತ್ತಿದ್ದಾರೆ, ಈಗಲೇ ಅಡ್ವಾನ್ಸ್ ಹಾಕಿದರೆ ನಿಮಗೇ ಎತ್ತಿಡುತ್ತೇನೆ ಅಂದ. ಹಾಕಿದೆ. ಹತ್ತು ನಿಮಿಷದಲ್ಲಿ ದೇವರು ಮಾಯ, ಮಾರುವವನೂ ಮಾಯ. ನಾನು ಕಂಪ್ಯೂಟರ್ ಬಲ್ಲವಳು, ಊರಿನ ಹೆಂಗಸರಿಗೆಲ್ಲ ಇಂಥವರ ಬಗ್ಗೆ ಎಚ್ಚರಿಕೆ ಹೇಳುವವಳು! ನನ್ನ ಗಂಡ ಬ್ಯಾಂಕಿಗೂ ಸೈಬರ್ ಸಹಾಯವಾಣಿಗೂ ದೂರು ಕೊಡುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಬೈಯಲಿಲ್ಲ. ಕಾಯಿಯಿಂದ ತಲೆಯೆತ್ತದೆ, "ಹೆಣ್ಣು ನೋಡದೇನೇ ತಾಂಬೂಲ ಬದ್ಲಾಯಿಸ್ಕೊಂಡ್ಯಾ?" ಅಂದರು.

ನಮ್ಮತ್ತೆಗೆ ಸಂಬಂಧ ಕುದುರಿಸುವುದೆಂದರೆ ಊಟ ನಿದ್ದೆ ಬೇಡ. ನ್ಯಾಮತಿಯಿಂದ ಜಗಳೂರಿನವರೆಗೆ ಅವರು ಮುಂದೆ ನಿಂತು ಮಾಡಿಸಿದ ಮದುವೆಗಳಿವೆ. ಹುಡುಗ ಕುಡಿಯುತ್ತಾನೋ ಇಲ್ಲವೋ ಎಂದು ತಿಳಿಯಲು ಅವನ ಮನೆಗೆ ಹೋಗುವುದಿಲ್ಲ, ಆ ಬೀದಿಯ ಮಜ್ಜಿಗೆ ಮಾರುವವಳನ್ನು ಮಾತಾಡಿಸುತ್ತಾರೆ. ಅಂಥವರು ಅವರೆಕಾಯಿ ಬುಟ್ಟಿ ಬದಿಗಿಟ್ಟು ನನ್ನ ಪಕ್ಕ ಬಂದು ಕೂತರು. ಗ್ರಾಫಿಕ್ಸ್ ಕಾರ್ಡ್ ಅಂದರೇನು ಅಂದರು. ಚಿತ್ರ ಮೂಡಿಸೋ ಹಲಗೆ ಅಂದೆ. "ಆಯ್ತಲ್ಲ. ವಿಚಾರಿಸಾಕೆ ಹಲಗೆ ಆದ್ರೇನು, ಹುಡುಗ ಆದ್ರೇನು? ತೋರ್ಸು."

ಮೂರನೆಯ ಜಾಹೀರಾತಿಗೇ ಕನ್ನಡಕ ಏರಿಸಿದರು. "ಈ ಹೂವಿನ ಬೆಡ್‌ಶೀಟು ಆಗ್ಲೇ ನೋಡಿದ್ನಲ್ಲ?" ಹಿಂದಕ್ಕೆ ಹೋಗಿ ನೋಡಿದೆ. ಹೌದು, ಬೇರೆ ಹೆಸರು, ಬೇರೆ ಊರು, ಅದೇ ಬೆಡ್‌ಶೀಟು, ಅದೇ ಕಾರ್ಡು. "ಹಿಂದೆ ಒಬ್ಬ ದಲ್ಲಾಳಿ ಒಂದೇ ಹುಡುಗಿ ಫೋಟೊ ಹೊನ್ನಾಳಿಯಾಗೂ ತೋರ್ಸಿದ್ದ, ತ್ಯಾವಣಿಗೆಯಾಗೂ ತೋರ್ಸಿದ್ದ. ಮುಂದಕ್ಕೆ ಹೋಗು" ಅಂದರು.

ಇನ್ನೊಬ್ಬ ತಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಇವತ್ತೇ ಮಾರಿ ಹೊರಡಬೇಕು ಎಂದು ಬರೆದ. ಗುರುತಿನ ಚೀಟಿಯನ್ನೂ ಕಳಿಸಿದ. ನನ್ನ ಮನಸ್ಸು ಕರಗಿತ್ತು. "ಕೇಳದೇನೇ ಯಾಕೆ ಜಾತಕ ಕಳಿಸ್ತಾನೆ? ನಾಳೇನೇ ಮುಹೂರ್ತ ಅಂದ್ರೆ ಒಳಗೆ ಏನೋ ಐತೆ ಅಂತ" ಎಂದು ಅತ್ತೆ ಅವನನ್ನೂ ದಾಟಿಸಿದರು. ಅವರು ಹೇಳಿದ್ದನ್ನು ನಾನು ಟೈಪ್ ಮಾಡುತ್ತ ಹೋದೆ. ಯಾಕೆ ಮಾರ್ತೀರಿ? ಎಷ್ಟು ವರ್ಷ ಇಟ್ಕೊಂಡಿದ್ರಿ? ಬಿಲ್ಲು ಐತಾ? ಕೊನೆಗೊಂದು ಪರೀಕ್ಷೆ: ಒಂದು ಚೀಟಿಯ ಮೇಲೆ ನಮ್ಮೂರ ಹೆಸರು, ಇವತ್ತಿನ ವಾರ ಬರೆದು, ಕಾರ್ಡಿನ ಪಕ್ಕ ಇಟ್ಟು ಫೋಟೊ ಕಳಿಸಬೇಕು. ವಸ್ತು ಕೈಯಲ್ಲಿದ್ದವನಿಗೆ ಅದೇನು ಕಷ್ಟ? ಇಬ್ಬರು ನನ್ನನ್ನು ಬ್ಲಾಕ್ ಮಾಡಿದರು, ಒಬ್ಬ ಬೈದ. ಒಬ್ಬೊಬ್ಬ ಹೋದಾಗಲೂ ಅತ್ತೆಯ ಮುಖ ಅರಳುತ್ತಿತ್ತು. "ತಪ್ಪಿ ಹೋಯ್ತು, ಒಳ್ಳೇದಾಯ್ತು" ಎಂದು ಚಹಾ ಹೀರುತ್ತಿದ್ದರು.

ಸಂಜೆಯ ಹೊತ್ತಿಗೆ ಜಗಳೂರಿನಿಂದ ಒಂದು ಫೋಟೊ ಬಂತು. ಕಾರ್ಡಿನ ಮೇಲೆ ಧೂಳು, ಪಕ್ಕದಲ್ಲಿ ಲಾರಿಯ ಹಿಂದೆ ಬರೆಯುವಂಥ ದಪ್ಪ ಅಕ್ಷರದಲ್ಲಿ 'ಚನ್ನಗಿರಿ, ಬುಧವಾರ'. ಅದರ ಕೆಳಗೆ ಅವರದೂ ಒಂದು ಷರತ್ತು: ನೀವೂ 'ಜಗಳೂರು' ಅಂತ ಬರೆದು ಕೈಯಲ್ಲಿ ಹಿಡಿದು ಫೋಟೊ ಕಳಿಸಿ, ಹಿಂದೆ ಒಬ್ಬ ಹಣ ಹಾಕಿದ ಹಾಗೆ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಮೋಸ ಮಾಡಿದ್ದಾನೆ. ನನಗೆ ಎಲ್ಲಿಲ್ಲದ ಕೋಪ ಬಂತು. ಅತ್ತೆಗೆ ಎಲ್ಲಿಲ್ಲದ ಖುಷಿ. "ಅವರೂ ವಿಚಾರಿಸ್ತಾ ಅದಾರೆ ಅಂದ್ರೆ ಮರ್ಯಾದಸ್ಥರು!" ಎಂದು ಸೆರಗು ಸರಿಮಾಡಿಕೊಂಡು, ತಾವೇ ಚೀಟಿ ಹಿಡಿದು ಗಂಭೀರವಾಗಿ ನಿಂತರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆವು. ಬಾಗಿಲು ತೆರೆದವರು ಬಿಳಿ ಗಡ್ಡದ, ಐವತ್ತು ದಾಟಿದ ಸಾಹೇಬರು. ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಬೆನ್ನುನೋವಿಗೆ ಡಾಕ್ಟರು ಲಾರಿ ಬಿಡಿಸಿದ ಮೇಲೆ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಆಡುತ್ತಾರಂತೆ. ಈಗ ಇನ್ನೂ ದೊಡ್ಡ ಕಾರ್ಡು ತಂದಿದ್ದರಿಂದ ಹಳೆಯದನ್ನು ಮಾರುತ್ತಿದ್ದರು. "ಬರ್ರೀ ಅಮ್ಮಾ, ಕುಂದ್ರಿ. ಓಡಿಸಿ ನೋಡದೇ ಗಾಡಿ ತಗಾಬಾರದು" ಎಂದು ಹಳೇ ಕಾರ್ಡನ್ನು ನಮ್ಮೆದುರಿಗೇ ಸಿಕ್ಕಿಸಿ, ಪರದೆಯ ಮೇಲೆ ಒಂದು ಲಾರಿ ಹೊರಡಿಸಿದರು.

ಅರ್ಧ ಗಂಟೆ ಓಡಿತು. ಘಾಟಿ ಹತ್ತಿತು, ಇಳಿಯಿತು. ನಾನು ಬಿಲ್ಲಿನಲ್ಲಿದ್ದ ನಂಬರನ್ನು ಕಾರ್ಡಿನ ಮೇಲಿದ್ದ ನಂಬರಿಗೆ ತಾಳೆ ನೋಡುತ್ತಿದ್ದರೆ, ಅತ್ತೆ ಹಾರ್ನ್ ಬಾರಿಸುವ ಗುಂಡಿ ಯಾವುದೆಂದು ಕಲಿತು, ಎದುರಿಗೆ ಬಂದ ಪ್ರತಿ ಗಾಡಿಗೂ ಬಾರಿಸುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಾಹೇಬರ ಹೆಂಡತಿ ಚಹಾ ತಂದವರು ಬಾಗಿಲಲ್ಲೇ ನಿಂತು ನಕ್ಕರು.

ಎಲ್ಲ ಮುಗಿಯಿತು ಅನ್ನುವಾಗ ಸಾಹೇಬರು, "ಒಂದು ಮಾತು ತಂಗಿ. ಇದರ ಒಂದು ಫ್ಯಾನ್ ತಾಸುಗಟ್ಟಲೆ ಓಡಿ ಬಿಸಿಯಾದಾಗ ಗುರ್ ಅಂತೈತೆ. ಇನ್ನೇನೂ ತೊಂದ್ರೆ ಇಲ್ಲ, ಆದ್ರೂ ಹೇಳದೇ ಕೊಟ್ರೆ ನಂಗೆ ನಿದ್ದೆ ಬರಂಗಿಲ್ಲ" ಅಂದರು. ಇಷ್ಟು ದೂರ ಬಂದ ಮೇಲೆ ಇದಾ! ನಾನು ಎದ್ದೇಬಿಟ್ಟೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. "ತಗೋ. ಇದೇ ನಮ್ದು."

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊನ್ನಾಳಿಯ ಹಾರ್ಡ್‌ಡಿಸ್ಕ್ ಹತ್ತಿಸಿ ಬಂದೆ. ಭಾನುವಾರ ಫೋಟೊಗ್ರಾಫರ್ ಔತಣದ ಮನೆಯಿಂದಲೇ ಫೋನ್ ಮಾಡಿ, ಇನ್ನೂ ಎರಡು ಮದುವೆ ಅದಾವೆ, ಕಳಿಸಲಾ ಅಂದ. ಕಳಿಸು ಅಂತ ಅದೆಷ್ಟು ಜೋರಾಗಿ ಕೂಗಿದೆನೋ, ಅತ್ತೆ ಹಿತ್ತಲಿನಿಂದ ಓಡಿಬಂದರು. ಕುಣಿಯುವುದೊಂದು ಬಾಕಿ ನನಗೆ. ಕಾರ್ಡು ಅದರ ಪಾಡಿಗೆ ಗುರ್ ಅನ್ನುತ್ತಿತ್ತು. ಕೊರತೆ ಹೇಳಿದ ಮೇಲೂ ಯಾಕೆ ತಗೋ ಅಂದಿರಿ ಎಂದು ಆಗ ಕೇಳಿದೆ.

"ಹೇಳಿದ್ದಕ್ಕೇ ತಗೊಂಡಿದ್ದು. ನಿನ್ನ ನೋಡಾಕೆ ಬಂದಾಗ ನಿಮ್ಮ ಬೀದಿಯೋರೆಲ್ಲ ಹುಡುಗಿ ಬಂಗಾರ, ಬಂಗಾರ ಅಂದ್ರು. ನಂಗೆ ಅನುಮಾನ ಬಂತು, ಬ್ಯಾಡ ಅಂದ್ಕೊಂಡೇ ಹೊರಟಿದ್ದೆ. ಬಸ್ ಹತ್ಸಾಕೆ ಬಂದ ನಿಮ್ಮಪ್ಪ, 'ಮಗಳಿಗೆ ಸಿಟ್ಟು ಜಾಸ್ತಿ ಅಮ್ಮಾರೇ, ಸದ್ದು ಮಾಡ್ತಾಳೆ. ಆದ್ರೆ ಹಿಡಿದ ಕೆಲಸ ಬಿಡಂಗಿಲ್ಲ' ಅಂದ್ರು. ಬಸ್ಸಿನಾಗೇ ತೀರ್ಮಾನ ಮಾಡ್ದೆ."

ಒಂಬತ್ತು ವರ್ಷದಿಂದ ನನಗೆ ಗೊತ್ತೇ ಇರಲಿಲ್ಲ. ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದೆ. ಮದುವೆಗೆ ಮುಂಚೆ ಯಾರಾದರೂ ಮಗಳ ಬಗ್ಗೆ ಹಾಗೆ ಹೇಳುತ್ತಾರಾ ಎಂದು ಜಗಳ ತೆಗೆದೆ.

"ಇದ್ದದ್ದು ಹೇಳ್ದೆ ಕಣವ್ವಾ" ಅಂದರು ಅಪ್ಪ. "ನಿನ್ನ ಮುಚ್ಚಿಟ್ಟು ಕೊಡೋ ಅಂಥ ಅವಸರ ನನಗೇನಿತ್ತು?"

ಫೋನನ್ನು ಅತ್ತೆಯ ಕೈಗೆ ಕೊಟ್ಟು ಮುಖ ತೊಳೆಯಲು ಹೋದೆ.